ಬ್ಯಾಟ್‌ಮನ್‌ನ ಅಂಗಿ ಯಾರದು?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಇವತ್ತಿನ ಮಾತನ್ನು ಒಂದು ಕೆಂಪು ಚಡ್ಡಿಯಿಂದ ಶುರು ಮಾಡುತ್ತೇನೆ. ನಗಬೇಡಿ, ವಿಷಯ ಗಂಭೀರವೇ. 2024ರ ಮೇ ತಿಂಗಳಲ್ಲಿ ಹಾಲಿವುಡ್ ನಿರ್ದೇಶಕ ಜೇಮ್ಸ್ ಗನ್ ತಮ್ಮ ‘ಸೂಪರ್‌ಮ್ಯಾನ್’ ಚಿತ್ರದ ಒಂದೇ ಒಂದು ಫೋಟೊ ಹೊರಗೆ ಬಿಟ್ಟರು. ನಾಯಕನಟ ಡೇವಿಡ್ ಕೊರೆನ್ಸ್‌ವೆಟ್ ಕುಳಿತುಕೊಂಡು ಬೂಟು ಏರಿಸುತ್ತಿರುವ ದೃಶ್ಯ. ಸಿನಿಮಾ ತೆರೆಗೆ ಬರಲು ಇನ್ನೂ ಹದಿನಾಲ್ಕು ತಿಂಗಳಿತ್ತು. ಕತೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಜಗತ್ತಿನಾದ್ಯಂತ ಅಭಿಮಾನಿಗಳು ಆ ಫೋಟೊವನ್ನು ಭೂತಗನ್ನಡಿ ಹಿಡಿದವರಂತೆ ಪರೀಕ್ಷೆ ಮಾಡಿದರು. ಬಟ್ಟೆ ಸಡಿಲವಾಯಿತೇ? ಕತ್ತುಪಟ್ಟಿ ಎತ್ತರವಾಯಿತೇ? ಎಲ್ಲಕ್ಕಿಂತ ಮುಖ್ಯವಾಗಿ, ನೀಲಿ ಉಡುಪಿನ ಮೇಲೆ ಕೆಂಪು ಚಡ್ಡಿ ಇದೆಯೋ ಇಲ್ಲವೋ?

ಈ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಬಾರಿ ಅಚ್ಚಾದಾಗಲೇ ಅವನಿಗೆ ಆ ಚಡ್ಡಿ ಇತ್ತು. ಅಂದಿನ ಸರ್ಕಸ್ ಪೈಲ್ವಾನರ ಉಡುಪಿನ ಮಾದರಿ ಅದು. 2011ರಲ್ಲಿ ಕಾಮಿಕ್ಸ್ ಪುಸ್ತಕಗಳಲ್ಲಿ ಅದನ್ನು ತೆಗೆದರು. 2013ರ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರದಲ್ಲೂ ಅದು ಇರಲಿಲ್ಲ. 2018ರಲ್ಲಿ ಪುಸ್ತಕಕ್ಕೆ ಮರಳಿತು. 2025ರ ಜುಲೈನಲ್ಲಿ ಬಂದ ಗನ್ ಅವರ ಚಿತ್ರದ ಮೂಲಕ ತೆರೆಗೂ ಮರಳಿತು. ಮೊದಲು ಹಿಂದೆಮುಂದೆ ನೋಡುತ್ತಿದ್ದ ಗನ್ ಅವರ ಮನಸ್ಸು ಬದಲಿಸಿದ್ದು ಸ್ವತಃ ನಾಯಕನಟ. ಇಷ್ಟೆಲ್ಲ ಶಕ್ತಿಯುಳ್ಳ ಅನ್ಯಗ್ರಹದವನೊಬ್ಬ ಮಕ್ಕಳು ತನ್ನನ್ನು ಕಂಡು ಹೆದರಬಾರದು ಎಂದು ಬಯಸಿದರೆ ಇಂಥ ಉಡುಪನ್ನೇ ತೊಡುತ್ತಾನೆ ಎಂಬುದು ಆತನ ವಾದ. ಒಂದು ಚಡ್ಡಿಯ ಒಳಗೆ ಒಂದು ಪಾತ್ರದ ಸ್ವಭಾವವೇ ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಉಡುಪೇ ಮುಖ

ಅಭಿಮಾನಿಗಳು ಬಟ್ಟೆಗೆ ಯಾಕಿಷ್ಟು ಮಹತ್ವ ಕೊಡುತ್ತಾರೆ? ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಕಾಮಿಕ್ಸ್ ಎಂಬ ಮಾಧ್ಯಮ ಕೆಲಸ ಮಾಡುವ ಬಗೆಯನ್ನು ನೋಡಿ. ಒಂದೇ ಪಾತ್ರವನ್ನು ಎಂಬತ್ತು ವರ್ಷಗಳಲ್ಲಿ ನೂರಾರು ಚಿತ್ರಕಾರರು ಬರೆಯುತ್ತಾರೆ. ಕೈ ಬದಲಾದಂತೆ ಮೂಗು ಬದಲಾಗುತ್ತದೆ, ಗದ್ದ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಎದೆಯ ಮೇಲಿನ ಲಾಂಛನ, ಹೆಗಲ ಮೇಲಿನ ಹೊದಿಕೆ ಮತ್ತು ಬಣ್ಣ. ಅಗ್ಗದ ಕಾಗದದ ಮೇಲೆ, ಒರಟು ಅಚ್ಚಿನಲ್ಲಿ, ಓದುಗ ತನ್ನ ನಾಯಕನನ್ನು ಗುರುತು ಹಿಡಿಯುವುದು ಉಡುಪಿನಿಂದಲೇ. ಅಂದಮೇಲೆ ಉಡುಪೇ ಅವನ ನಿಜವಾದ ಮುಖ. ಸಿನಿಮಾದವರು ಉಡುಪು ಬದಲಿಸಿದರೆ ಪರಿಚಿತರೊಬ್ಬರ ಮುಖವನ್ನೇ ಬದಲಿಸಿದಂತೆ ಓದುಗನಿಗೆ ಅನಿಸುತ್ತದೆ.

ಫ್ಯಾಂಟಮ್ ನಿಮಗೆ ಗೊತ್ತಿರಬಹುದು. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದಲ್ಲಿ ನಮ್ಮ ಹಿರಿಯರ ತಲೆಮಾರು ಆತನೊಂದಿಗೇ ಬೆಳೆಯಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಪಾತ್ರ ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಇವುಗಳಲ್ಲಿ ನಿಜವಾದ ಬಣ್ಣ ಯಾವುದು? ಆಯಾ ದೇಶದ ಓದುಗನಿಗೆ ತಾನು ಹತ್ತನೇ ವಯಸ್ಸಿನಲ್ಲಿ ಕಂಡದ್ದೇ ನಿಜವಾದ ಬಣ್ಣ. ಅಭಿಮಾನಿಯ ಹಟದ ಬೇರು ಇಲ್ಲಿದೆ.

ಐವತ್ತು ಸಾವಿರ ಪತ್ರಗಳು

ಈ ಹಟ ಎಷ್ಟು ದೂರ ಹೋಗಬಲ್ಲದು ಎಂದು ಹಾಲಿವುಡ್‌ಗೆ ಮೊದಲು ತಿಳಿದದ್ದು 1988ರಲ್ಲಿ. ನನ್ನ ವಯಸ್ಸಿನವರು ಹುಟ್ಟುವ ಮುಂಚಿನ ಮಾತು. ವಾರ್ನರ್ ಬ್ರದರ್ಸ್ ಸಂಸ್ಥೆ ‘ಬ್ಯಾಟ್‌ಮನ್’ ಚಿತ್ರವನ್ನು ಟಿಮ್ ಬರ್ಟನ್ ನಿರ್ದೇಶನದಲ್ಲಿ ತಯಾರಿಸಲು ಹೊರಟಿತ್ತು. ನಾಯಕನಾಗಿ ಆಯ್ಕೆಯಾದವರು ಮೈಕೆಲ್ ಕೀಟನ್. ಆಗ ಆತ ಹಾಸ್ಯಪಾತ್ರಗಳಿಗೆ ಹೆಸರಾದ ನಟ. ಸಾಧಾರಣ ಎತ್ತರ, ಸಾಧಾರಣ ಮೈಕಟ್ಟು.

ಅಭಿಮಾನಿಗಳು ಕೆರಳಿದರು. ಅದಕ್ಕೂ ಕಾರಣವಿತ್ತು. 1966ರಿಂದ 1968ರವರೆಗೆ ಅಮೆರಿಕದ ಟೆಲಿವಿಷನ್ನಿನಲ್ಲಿ ಬಂದ ‘ಬ್ಯಾಟ್‌ಮನ್’ ಸರಣಿಯಲ್ಲಿ ನಟ ಆಡಂ ವೆಸ್ಟ್ ತೆಳು ಬೂದುಬಟ್ಟೆ ತೊಟ್ಟು ಜನರನ್ನು ನಗಿಸಿದ್ದರು. ಸಾಮಾನ್ಯ ವೀಕ್ಷಕರಿಗೆ ಅದು ಮೋಜು. ರಾತ್ರಿಯ ಕತ್ತಲಲ್ಲಿ ಸಂಚರಿಸುವ ಗಂಭೀರ ಬ್ಯಾಟ್‌ಮನ್‌ನನ್ನು ಪುಸ್ತಕದಲ್ಲಿ ಕಂಡಿದ್ದವರಿಗೆ ಅವಮಾನ. ಹಾಸ್ಯನಟ ಬಂದನೆಂದರೆ ಮತ್ತೆ ಅದೇ ಲೇವಡಿ ಎಂದು ಅವರು ಭಾವಿಸಿದರು. ಸಂಸ್ಥೆಯ ಕಚೇರಿಗೆ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವು ಎಂದು ವರದಿಗಳು ಹೇಳುತ್ತವೆ. ವ್ಯಾಪಾರ ಸುದ್ದಿಗೆ ಮೀಸಲಾದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಆ ನವೆಂಬರಿನಲ್ಲಿ ಈ ಜಗಳವನ್ನು ಮುಖಪುಟದಲ್ಲಿ ಅಚ್ಚು ಹಾಕಿತು. ಅಭಿಮಾನಿಯ ಸಿಟ್ಟು ಶೇರು ಪೇಟೆಯ ಸುದ್ದಿಯಾಗಿತ್ತು!

ಸಂಸ್ಥೆ ಕೊಟ್ಟ ಉತ್ತರದಲ್ಲಿ ಮಾತೇ ಇರಲಿಲ್ಲ, ಬರೀ ಬಟ್ಟೆ ಇತ್ತು. ವಸ್ತ್ರವಿನ್ಯಾಸಕ ಬಾಬ್ ರಿಂಗ್‌ವುಡ್ ಬೂದು ಬಣ್ಣವನ್ನು ಕೈಬಿಟ್ಟು ಅಡಿಯಿಂದ ಮುಡಿಯವರೆಗೆ ಕಪ್ಪು ಉಡುಪು ಮಾಡಿದರು. ಮಾಂಸಖಂಡಗಳನ್ನು ನಟನ ಮೈಯಲ್ಲಿ ಹುಡುಕದೆ ರಬ್ಬರಿನಲ್ಲೇ ಕಡೆದು ಅಚ್ಚು ಹೊಯ್ದರು. ಎದೆಯ ಮೇಲೆ ಹಳದಿ ಅಂಡಾಕೃತಿಯಲ್ಲಿ ಬಾವಲಿ. ಆ ಉಡುಪಿನೊಳಗೆ ಕೀಟನ್ ಕತ್ತು ತಿರುಗಿಸುವಂತೆಯೇ ಇರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಇಡೀ ದೇಹವನ್ನೇ ತಿರುಗಿಸಬೇಕು. ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ವಿಚಿತ್ರವೆಂದರೆ ಈ ತೊಡಕೇ ಪಾತ್ರದ ಗತ್ತು ಆಯಿತು.

ಚಿತ್ರೀಕರಣ ಮುಗಿಯುವ ಮೊದಲೇ ಸುಮಾರು ಒಂದೂವರೆ ನಿಮಿಷದ ಟ್ರೇಲರ್ ಒಂದನ್ನು ಅವಸರದಲ್ಲಿ ಸಿದ್ಧಪಡಿಸಿ ಚಿತ್ರಮಂದಿರಗಳಿಗೆ ಕಳಿಸಿದರು. ಕಪ್ಪು ಉಡುಪನ್ನು ಕಂಡ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೇರಾವುದೋ ಸಿನಿಮಾಕ್ಕೆ ಟಿಕೆಟ್ ಕೊಂಡು, ಈ ಟ್ರೇಲರ್ ಮುಗಿದೊಡನೆ ಎದ್ದು ಹೋದವರೂ ಇದ್ದರೆಂದು ಅಂದಿನ ವರದಿಗಳಿವೆ. 1989ರ ಜೂನ್ 23ರಂದು ಚಿತ್ರ ಬಿಡುಗಡೆಯಾಯಿತು. ಮೊದಲ ಮೂರು ದಿನಗಳಲ್ಲೇ 4 ಕೋಟಿ ಡಾಲರ್ ದಾಟಿತು. ಅಮೆರಿಕ ಮತ್ತು ಕೆನಡಾದಲ್ಲಿ ಒಟ್ಟು 25 ಕೋಟಿ ಡಾಲರ್ ಗಳಿಸಿತು. ಕೀಟನ್ ಬೇಡವೆಂದು ಕಾಗದ ಬರೆದವರ ಪಾಡು ಹೇಳಬೇಕಿಲ್ಲ. ಅದೇ ನಟ 2023ರಲ್ಲಿ ‘ದ ಫ್ಲ್ಯಾಶ್’ ಚಿತ್ರಕ್ಕಾಗಿ ಮತ್ತೆ ಆ ಕಪ್ಪು ಉಡುಪು ತೊಟ್ಟಾಗ ಅಭಿಮಾನಿಗಳು ಹಿಗ್ಗಿದರು.

ಹಾಗಾದರೆ ಅಭಿಮಾನಿಗಳು ಯಾವಾಗಲೂ ತಪ್ಪೇ? ಹಾಗೂ ಅಲ್ಲ. 1995ರ ‘ಬ್ಯಾಟ್‌ಮನ್ ಫಾರೆವರ್’ ಮತ್ತು 1997ರ ‘ಬ್ಯಾಟ್‌ಮನ್ ಆ್ಯಂಡ್ ರಾಬಿನ್’ ಚಿತ್ರಗಳಲ್ಲಿ ಪ್ರಾಚೀನ ರೋಮನ್ ಎದೆಗವಚದ ಮಾದರಿಯಲ್ಲಿ ರಬ್ಬರ್ ಎದೆಗೆ ಮೊಲೆತೊಟ್ಟುಗಳನ್ನೂ ಕಡೆದರು. ಅಭಿಮಾನಿಗಳು ತಲೆ ಚಚ್ಚಿಕೊಂಡರು. ಎರಡನೆಯ ಚಿತ್ರ ಸೋತ ಮೇಲೆ ಎಂಟು ವರ್ಷ, ಅಂದರೆ 2005ರವರೆಗೆ, ತೆರೆಯ ಮೇಲೆ ಹೊಸ ಬ್ಯಾಟ್‌ಮನ್ ಚಿತ್ರ ಬರಲಿಲ್ಲ. ಸೋಲಿಗೆ ಉಡುಪೊಂದೇ ಕಾರಣವಲ್ಲ, ನಿಜ. ಆದರೆ ಪಾತ್ರವನ್ನು ಮಾಡುವವರೇ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದನ್ನು ಆ ಉಡುಪು ಮೊದಲೇ ಹೇಳಿತ್ತು. ಇನ್ನು ಕತ್ತು ತಿರುಗದ ಸಮಸ್ಯೆ? 2008ರ ‘ದ ಡಾರ್ಕ್ ನೈಟ್’ ಚಿತ್ರಕ್ಕಾಗಿ ಲಿಂಡಿ ಹೆಮಿಂಗ್ ನೂರಕ್ಕೂ ಹೆಚ್ಚು ತುಂಡುಗಳನ್ನು ಜೋಡಿಸಿ ಉಡುಪು ಮಾಡಿ, ಮುಖವಾಡವನ್ನು ಕತ್ತಿನಿಂದ ಬೇರ್ಪಡಿಸಿದರು. ಕತೆಯೊಳಗೂ ನಾಯಕ ತನಗೆ ತಲೆ ತಿರುಗಿಸಲು ಬರಬೇಕೆಂದು ಕೇಳುತ್ತಾನೆ.

ಹೆಸರಿಲ್ಲದ ದರ್ಜಿ

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. 1989ರಲ್ಲಿ ಕೋಟ್ಯಂತರ ಜನ ಆ ಚಿತ್ರ ನೋಡಿದರು. ತೆರೆಯ ಮೇಲೆ ಬ್ಯಾಟ್‌ಮನ್‌ನ ಸೃಷ್ಟಿಕರ್ತ ಎಂದು ಒಂದೇ ಹೆಸರು ಬಂತು: ಬಾಬ್ ಕೇನ್.

1939ರಲ್ಲಿ ಕೇನ್ ಮೊದಲು ಬರೆದ ಚಿತ್ರ ನಮಗೆ ಪರಿಚಿತನಾದ ಬ್ಯಾಟ್‌ಮನ್ ಅಲ್ಲ. ಅವನಿಗೆ ಕೆಂಪು ಉಡುಪು, ಕಣ್ಣಿಗೆ ಸಣ್ಣ ಪಟ್ಟಿ, ಬೆನ್ನಿಗೆ ಬಿಗಿಯಾದ ರೆಕ್ಕೆಗಳು. ಅದನ್ನು ನೋಡಿದ ಕತೆಗಾರ ಮಿತ್ರ ಬಿಲ್ ಫಿಂಗರ್ ಒಂದೊಂದಾಗಿ ತಿದ್ದಿದರು. ಕಣ್ಣುಪಟ್ಟಿ ಸಾಲದು, ಬಾವಲಿಯ ಕಿವಿಗಳಿರುವ ಮುಸುಕು ಇರಲಿ. ರೆಕ್ಕೆ ಬೇಡ, ಹೊದಿಕೆ ಇರಲಿ. ಕೈಗವಸು ಇರಲಿ. ಕೆಂಪು ಬೇಡ, ಬೂದು ಇರಲಿ. ಅಂದರೆ ಇವತ್ತು ಅಭಿಮಾನಿಗಳು ಯಾವ ಉಡುಪಿಗಾಗಿ ಜಗಳವಾಡುತ್ತಾರೋ ಅದನ್ನು ಮನಸ್ಸಿನಲ್ಲಿ ಮೊದಲು ಹೊಲಿದವರು ಫಿಂಗರ್. ಮೊದಲ ಕತೆ ಬರೆದವರೂ ಅವರೇ. ಆದರೆ ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಂಡವರು ಕೇನ್. ದುಡಿದವನೊಬ್ಬ, ಹೆಸರು ಪಡೆದವನೊಬ್ಬ. ಫಿಂಗರ್ 1974ರಲ್ಲಿ ಬಡತನದಲ್ಲೇ ತೀರಿಕೊಂಡರು.

ಈ ಅನ್ಯಾಯವನ್ನು ಮೊದಲು ಬರೆದು ಬಯಲು ಮಾಡಿದವನು ಒಬ್ಬ ಅಭಿಮಾನಿ! 1965ರಲ್ಲಿ ಕಾಲೇಜು ಅಧ್ಯಾಪಕ ಜೆರ್ರಿ ಬೇಲ್ಸ್ ಫಿಂಗರ್ ಅವರನ್ನು ಮಾತನಾಡಿಸಿ ಅಭಿಮಾನಿಗಳ ಕಿರುಪತ್ರಿಕೆಯಲ್ಲಿ ಲೇಖನ ಬರೆದರು. ಕೇನ್ ಸಿಟ್ಟಿನಿಂದ ಅದನ್ನು ನಿರಾಕರಿಸಿದರು. 1989ರ ತಮ್ಮ ಆತ್ಮಕತೆಯಲ್ಲಿ ಮಾತ್ರ, ಫಿಂಗರ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಆಗ ಫಿಂಗರ್ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಮುಂದೆ ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ವರ್ಷಗಟ್ಟಲೆ ಹುಡುಕಾಡಿ ಫಿಂಗರ್ ಅವರ ಮೊಮ್ಮಗಳನ್ನು ಪತ್ತೆ ಮಾಡಿದರು. 2012ರಲ್ಲಿ ಪುಸ್ತಕ ತಂದರು. 2015ರಲ್ಲಿ ಡಿಸಿ ಸಂಸ್ಥೆ ಮಣಿಯಿತು. 2016ರ ಮಾರ್ಚ್‌ನಲ್ಲಿ ಬಂದ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರದಲ್ಲಿ ಕೇನ್ ಹೆಸರಿನ ಜೊತೆಗೆ ಬಿಲ್ ಫಿಂಗರ್ ಹೆಸರೂ ಕಾಣಿಸಿಕೊಂಡಿತು.

ಇಂಥದ್ದು ಇದೇ ಮೊದಲಲ್ಲ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಎಲ್ಲ ಹಕ್ಕುಗಳನ್ನು ಕೇವಲ 130 ಡಾಲರಿಗೆ ಮಾರಿದ್ದರು. ದೊಡ್ಡ ಬಂಡವಾಳದ ಸಿನಿಮಾ ತಯಾರಾಗುತ್ತಿದೆ ಎಂಬ ಸುದ್ದಿ ಕೇಳಿ 1975ರಲ್ಲಿ ಸೀಗಲ್ ಪತ್ರಿಕೆಗಳಿಗೆ ನೋವಿನ ಪತ್ರ ಬರೆದರು. ಚಿತ್ರಕಾರರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಬೆಂಬಲಕ್ಕೆ ನಿಂತರು. ಅದೇ ಡಿಸೆಂಬರಿನಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ವೇತನ ಗೊತ್ತಾಯಿತು. 1978ರ ಚಿತ್ರದಲ್ಲಿ ಅವರ ಹೆಸರು ಬಂತು.

ಎರಡೂ ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬಾರಿ ನ್ಯಾಯ ಸಿಕ್ಕಿದಾಗ ಹೊಸ ಸಿನಿಮಾ ಬಾಗಿಲಲ್ಲಿ ನಿಂತಿತ್ತು. ದಶಕಗಳ ಕಾಲ ಕಿವುಡಾಗಿದ್ದ ಸಂಸ್ಥೆಗಳಿಗೆ ಆಗ ಕಿವಿ ಕೇಳಿಸಿತು. ಜನ ಕಾಯುತ್ತಿರುವಾಗ, ಮಾತಾಡಿಕೊಳ್ಳುತ್ತಿರುವಾಗ, ಕೆಟ್ಟ ಹೆಸರು ಬಂದರೆ ನಷ್ಟ ಎಂಬುದು ಅವರಿಗೆ ಗೊತ್ತು. ಅಂದರೆ ಅಭಿಮಾನಿಗಳ ಕಾತರಕ್ಕೆ ಒಂದು ಬಲವಿದೆ. ಆ ಬಲವನ್ನು ನಟನೊಬ್ಬನ ಎತ್ತರ ಅಳೆಯುವುದಕ್ಕೂ ಬಳಸಬಹುದು. ಬಡತನದಲ್ಲಿ ಸತ್ತ ಕತೆಗಾರನ ಹೆಸರನ್ನು ತೆರೆಗೆ ತರುವುದಕ್ಕೂ ಬಳಸಬಹುದು.

ಮುಂದೆ ನೀವು ಇಂಥ ಸಿನಿಮಾಗಳ ಸುದ್ದಿ ಬರೆಯುತ್ತೀರಿ. ಹೊಸ ಉಡುಪಿನ ಫೋಟೊ ಬಂದಾಗ ಬಣ್ಣ, ಬೂಟು, ಲಾಂಛನದ ಬಗ್ಗೆ ಧಾರಾಳವಾಗಿ ಬರೆಯಿರಿ, ಓದುಗರಿಗೆ ಅದು ಬೇಕು. ಜೊತೆಗೆ, ಇದನ್ನು ಮೊದಲು ಊಹಿಸಿದವರು ಯಾರು, ಅವರಿಗೆ ಎಷ್ಟು ಸಂದಿತು ಎಂಬ ಎರಡು ಸಾಲನ್ನೂ ಸೇರಿಸಿ. ಬಿಲ್ ಫಿಂಗರ್ ವಿಷಯದಲ್ಲಿ ಆ ಎರಡು ಸಾಲು ತೆರೆಯ ಮೇಲೆ ಬರಲು ಎಪ್ಪತ್ತಾರು ವರ್ಷ ಹಿಡಿಯಿತು.