ಸೇವೆಗೆ ಕರೆಯುವವನು ಅವನು, ವೇಳೆಯೂ ಅವನದೇ

(ಜಾತ್ರಾ ಮಹೋತ್ಸವದ ಅಂಗವಾಗಿ ಜರುಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

 

ಪ್ರತಿ ವರ್ಷ ಪುಷ್ಯ ಮಾಸ ಹತ್ತಿರ ಬಂತೆಂದರೆ ಸೇವೆಗೆ ಹೆಸರು ಬರೆಯುವ ಕೆಲಸ ಶುರುವಾಗುತ್ತದೆ. ನೀರು ಕೊಡಲು ಇಷ್ಟು ಮಂದಿ, ದಾಸೋಹದಲ್ಲಿ ಬಡಿಸಲು ಇಷ್ಟು ಮಂದಿ, ತೇರಿನ ಗಾಲಿಗೆ ಸನ್ನೆ ಕೊಡಲು ಗಟ್ಟಿಮುಟ್ಟಾದವರು, ಚಪ್ಪಲಿ ಕಾಯಲು ಇಬ್ಬರು. ಹಣ ಕೊಡುವ ಪುಣ್ಯಾತ್ಮರು ಸಿಗುತ್ತಾರೆ. ಅವರ ಹೆಸರು ಸಂಚಿಕೆಯ ಕಡೆಯ ಪುಟಗಳಲ್ಲಿ ಅಚ್ಚಾಗುತ್ತದೆ, ಆಗಲೂ ಬೇಕು. ಮೈ ಬಗ್ಗಿಸುವವರು ಸಿಗುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮಳೆ ಕೈಕೊಟ್ಟ ವರ್ಷ ಸುತ್ತಲ ಹಳ್ಳಿಗಳ ಅರ್ಧ ಜನ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಅವರನ್ನು ಬೈದು ಫಲವಿಲ್ಲ. ಊರಲ್ಲೇ ಇದ್ದವರನ್ನು ಕೇಳಿದರೆ ಮೂವತ್ತರ ಹರೆಯದವರು "ಆ ಭಾಗ್ಯಕ್ಕೆ ಇನ್ನೂ ಕಾಲ ಕೂಡಿ ಬಂದಿಲ್ಲ" ಅನ್ನುತ್ತಾರೆ. ಅರವತ್ತು ದಾಟಿದವರು "ನಮ್ಮ ಕಾಲ ಮುಗಿಯಿತು" ಅನ್ನುತ್ತಾರೆ. ನಡುವಿನವರು "ಓದು ಬಾರದು, ಮಂತ್ರ ಬಾರದು, ಗುಡಿಯಲ್ಲಿ ನಮ್ಮಂಥವರಿಗೇನು ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತಾರೆ.

ಭಗವಂತನು ಯಾರನ್ನು ಕರೆಯುತ್ತಾನೆ, ಯಾವಾಗ ಕರೆಯುತ್ತಾನೆ ಎಂಬುದನ್ನು ತಿಳಿಯಲು ಕಾಶಿಗೆ ಹೋಗಬೇಕಾಗಿಲ್ಲ. ಆದೋನಿಯವರೆಗೆ ಹೋದರೆ ಸಾಕು.

ಶಿವನ ಗುಡಿಯ ಸಭೆಯಲ್ಲಿ ರಾಯರ ಮತ್ತು ಹರಿದಾಸರ ಕಥೆಯೇಕೆ ಎಂದು ಯಾರೂ ಕೇಳಲಾರರು. ಈ ಸೀಮೆಯ ಜನ ಸೋಮವಾರ ನೀಲಕಂಠನಿಗೆ ಕಾಯಿ ಒಡೆಸುತ್ತಾರೆ, ಗುರುವಾರ ಮಂತ್ರಾಲಯದ ಬಸ್ಸು ಹತ್ತುತ್ತಾರೆ, ಶ್ರಾವಣದಲ್ಲಿ ಉರುಕುಂದಿ ಈರಣ್ಣನಿಗೆ ನಡೆದುಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಮೂರೂ ಫೋಟೋಗಳಿಗೆ ಒಂದೇ ದೀಪ.

ಆದೋನಿ ವೆಂಕಣ್ಣನ ಹೆಸರು ಕೇಳದವರು ಇಲ್ಲಿ ಇರಲಿಕ್ಕಿಲ್ಲ. ಆದರೆ ದಿವಾನ ವೆಂಕಣ್ಣಪಂತ ಎಂದೊಡನೆ ಪೇಟ, ಶಾಲು, ಪಲ್ಲಕ್ಕಿ ಕಣ್ಣಿಗೆ ಬರುತ್ತವೆ. ಮೊದಲು ಅವನು ಏನಾಗಿದ್ದ ಎಂಬುದು ಮರೆತುಹೋಗುತ್ತದೆ. ಹಿರಿಯರು ಹೇಳುತ್ತ ಬಂದಿರುವ ಪ್ರಕಾರ ಅವನು ತಂದೆತಾಯಿ ಇಲ್ಲದ ಹುಡುಗ. ಸೋದರಮಾವನ ಮನೆಯ ಕೂಳು, ದನ ಕಾಯುವ ಕೆಲಸ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರೂ ಅಕ್ಷರ ಹೇಳಿಕೊಡುವವರಿರಲಿಲ್ಲ. ಸಂಚಾರ ಮಾಡುತ್ತ ಆ ದಾರಿಯಾಗಿ ಬಂದ ಶ್ರೀ ರಾಘವೇಂದ್ರ ಸ್ವಾಮಿಗಳಲ್ಲಿ ಹುಡುಗ ತನ್ನ ಕಷ್ಟ ತೋಡಿಕೊಂಡ. ಅವರು ಮಂತ್ರಾಕ್ಷತೆ ಕೊಟ್ಟು, ಕಷ್ಟ ಬಂದಾಗ ನೆನೆಯಪ್ಪ ಎಂದು ಹೇಳಿ ಮುಂದಿನ ಊರಿಗೆ ಹೋದರು.

ಇಲ್ಲಿ ಕಥೆ ಹೇಳುವವರು ಒಮ್ಮೆಲೆ ನವಾಬನ ಪ್ರಸಂಗಕ್ಕೆ ಹಾರುತ್ತಾರೆ. ಸ್ವಲ್ಪ ನಿಲ್ಲಬೇಕು. ಸ್ವಾಮಿಗಳ ಆಶೀರ್ವಾದ ಸಿಕ್ಕ ಮರುದಿನ ವೆಂಕಣ್ಣನಿಗೆ ಏನು ಬದಲಾಯಿತು? ಏನೂ ಇಲ್ಲ. ಅದೇ ದನ, ಅದೇ ಬಯಲು, ಅದೇ ಮಾವನ ಮನೆ. ರಾತ್ರಿ ಬೆಳಗಾಗುವುದರೊಳಗೆ ಓದು ಬರಲಿಲ್ಲ. ಅಷ್ಟು ದೊಡ್ಡ ಗುರುಗಳು ಹರಸಿದರೂ ನನ್ನ ಹಣೆಬರಹ ಇಷ್ಟೇ ಎಂದು ಆ ಹುಡುಗ ಅಕ್ಷತೆಯನ್ನು ಕೊಡವಿಬಿಡಬಹುದಿತ್ತು. ಕೊಡವಲಿಲ್ಲ. ಅವನ ದೊಡ್ಡತನವೆಲ್ಲ ಅಲ್ಲೇ ಇದೆ.

ಆಗ ಬಿಜಾಪುರದ ಆದಿಲ್‌ಶಾಹಿಯವರ ಪರವಾಗಿ ಆದೋನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ಆದೋನಿಯ ದೊಡ್ಡ ಜಾಮಿಯಾ ಮಸೀದಿ ಅವನು ಕಟ್ಟಿಸಿದ್ದು. ಅವನು ಕುದುರೆಯ ಮೇಲೆ ಹೋಗುತ್ತಿದ್ದಾಗ ದಾರಿಯಲ್ಲಿ ಒಂದು ಪತ್ರ ಬಂತು. ಜೊತೆಯಲ್ಲಿ ಓದುವವರಿಲ್ಲ. ಕಣ್ಣಿಗೆ ಬಿದ್ದವನು ವೆಂಕಣ್ಣ. ಓದು ಎಂದು ಕೊಟ್ಟ. ಓದು ಬಾರದು ಎಂದರೆ ನಂಬಲಿಲ್ಲ, ಬೇಕೆಂದೇ ಹಟ ಮಾಡುತ್ತಿದ್ದಾನೆಂದು ಸಿಟ್ಟಾದ. ಪ್ರಾಣಕ್ಕೇ ಸಂಚಕಾರ ಬಂದ ಆ ಗಳಿಗೆಯಲ್ಲಿ ಹುಡುಗ ಗುರುಗಳನ್ನು ನೆನೆದು ಪತ್ರ ಬಿಚ್ಚಿದ. ಅಕ್ಷರಗಳು ತಾವಾಗಿ ನಾಲಿಗೆಗೆ ಬಂದವು. ಪತ್ರದಲ್ಲಿದ್ದುದು ಸಂತೋಷದ ಸುದ್ದಿ. ನವಾಬನು ಮೆಚ್ಚಿ ಅವನನ್ನು ಆಸ್ಥಾನಕ್ಕೆ ಕರೆದುಕೊಂಡ. ಮುಂದೆ ವೆಂಕಣ್ಣ ಆದೋನಿಯ ದಿವಾನನಾದ.

ಅಕ್ಷತೆ ಬಿದ್ದದ್ದು ಒಂದು ದಿನ, ಅದು ಮೊಳೆತದ್ದು ಇನ್ನೊಂದು ದಿನ. ನಡುವಿನ ಲೆಕ್ಕ ವೆಂಕಣ್ಣನ ಕೈಯಲ್ಲಿರಲಿಲ್ಲ. ಇನ್ನೂ ಒಂದು ಮಾತುಂಟು. ದಿವಾನಗಿರಿ ಬಂದದ್ದು ಅವನು ಸುಖಪಡಲಿ ಎಂದಲ್ಲ. ಗುರುಗಳು ಆದೋನಿಗೆ ದಯಮಾಡಿಸಿದಾಗ ನವಾಬನು ಭೂಮಿ ಕೊಡಲು ಮುಂದಾದ. ಅವರು ಕೇಳಿದ್ದು ತುಂಗಭದ್ರೆಯ ದಡದ ಮಂಚಾಲೆ ಗ್ರಾಮವನ್ನು. ಅದು ಬರಡು ನೆಲ, ಒಳ್ಳೆಯ ಊರು ತೆಗೆದುಕೊಳ್ಳಿ ಎಂದರೂ ಬೇಡವೆಂದರು. ಪ್ರಹ್ಲಾದರಾಜರು ಯಜ್ಞ ಮಾಡಿದ ಸ್ಥಳವೆಂಬುದು ಅವರೊಬ್ಬರಿಗೆ ಗೊತ್ತಿತ್ತು. ಆ ಮಂಚಾಲೆಯೇ ಇವತ್ತಿನ ಮಂತ್ರಾಲಯ. ಆಡಳಿತದ ಕಾಗದ ಮಾಡಿಸಲು, ಕಲ್ಲು ತರಿಸಲು, ಆಳು ಕೂಡಿಸಲು ಒಬ್ಬ ದಿವಾನ ಬೇಕಾಗಿತ್ತು. ಓದು ಬಾರದ ಹುಡುಗನ ತಲೆಯ ಮೇಲೆ ಅಕ್ಷತೆ ಹಾಕಿದಾಗಲೇ ಈ ಕೆಲಸ ಗೊತ್ತುಪಡಿಸಿದ್ದಿರಬೇಕು.

ಕಲ್ಲಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. ವೆಂಕಣ್ಣ ಗುರುಗಳಿಗಾಗಿ ಭಕ್ತಿಯಿಂದ ಒಂದು ಬೃಂದಾವನ ಮಾಡಿಸಿದ. ಸಾಮಾನ್ಯ ಖರ್ಚಲ್ಲ. ಗುರುಗಳು ನೋಡಿ, ಇದು ನಮಗಲ್ಲ, ಮುಂದೆ ಬರುವವರಿಗೆ ಇರಲಿ ಎಂದರು. ತಮಗೆ ಮಾಧವರಂ ಹತ್ತಿರದ ಒಂದು ಬಂಡೆಯನ್ನು ತೋರಿಸಿ, ಶ್ರೀರಾಮಚಂದ್ರನು ವಿಶ್ರಮಿಸಿದ ಕಲ್ಲು ಅದು, ಅದರಿಂದ ಮಾಡಿಸು ಎಂದರು. ವೆಂಕಣ್ಣ ಮುಖ ಸಣ್ಣ ಮಾಡಿಕೊಳ್ಳದೆ ಎರಡನೆಯ ಸಲ ಮಾಡಿಸಿದ. ಕ್ರಿ.ಶ. 1671ರ ಶ್ರಾವಣ ಬಹುಳ ಬಿದಿಗೆಯಂದು ಶ್ರೀಗಳು ಅದರಲ್ಲಿ ಪ್ರವೇಶಿಸಿದರು. ಮೊದಲು ಮಾಡಿಸಿದ್ದು ಹಾಗೇ ಉಳಿಯಿತು. 1750ರಲ್ಲಿ, ರಾಯರ ಪೂರ್ವಾಶ್ರಮದ ವಂಶದವರೇ ಆದ ಶ್ರೀ ವಾದೀಂದ್ರ ತೀರ್ಥರಿಗೆ ಅದೇ ಬೃಂದಾವನವಾಯಿತು. ಎಪ್ಪತ್ತೊಂಬತ್ತು ವರ್ಷ ಆ ಕಲ್ಲು ಸುಮ್ಮನೆ ಕೂತಿತ್ತು. ಮಾಡಿಸಿದ ವೆಂಕಣ್ಣ ಅದರ ಪೂಜೆ ನೋಡಲಿಲ್ಲ. ಮಂತ್ರಾಲಯಕ್ಕೆ ಹೋದಾಗ ಜನ ರಾಯರ ಎದುರು ಮಾತ್ರ ನಿಂತು ಬಂದುಬಿಡುತ್ತಾರೆ. ಮುಂದಿನ ಸಲ ವಾದೀಂದ್ರರ ಬೃಂದಾವನದ ಎದುರೂ ಎರಡು ನಿಮಿಷ ನಿಂತು ಈ ಸಂಗತಿಯನ್ನು ನೆನೆಯಬೇಕು.

ಹಾಗಾದರೆ ಅವನ ವೇಳೆ ಬರುವವರೆಗೆ ಕೈಕಟ್ಟಿ ಕೂತರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನೇಕಾರರ ಊರಿನಲ್ಲಿ ಈ ಪ್ರಶ್ನೆ ಬರಬಾರದು. ಒಂದು ಎಳೆ ಹೊಕ್ಕು ಹಾಕುವ ಮೊದಲು ಎಷ್ಟು ಕೆಲಸವಿದೆ! ನೂಲು ಸುತ್ತಬೇಕು, ಹಾಸು ಹೂಡಬೇಕು, ಗಂಜಿ ಕೊಡಬೇಕು, ಒಣಗಿಸಬೇಕು, ಎಳೆ ಎಳೆಯಾಗಿ ಕೆಚ್ಚಬೇಕು. ಮನೆಯ ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ದುಡಿದರೂ ಅಲ್ಲಿಯವರೆಗೆ ಬಟ್ಟೆ ಎಂಬುದು ಗೇಣುದ್ದವೂ ಇರುವುದಿಲ್ಲ. ಅದನ್ನು ನೋಡಿ ನೇಕಾರ ಕೆಲಸಗಳ್ಳ ಎಂದು ಯಾರೂ ಅನ್ನುವುದಿಲ್ಲ. ದನ ಕಾಯುವುದೇ ವೆಂಕಣ್ಣನ ಹಾಸು. ಮಗ್ಗದ ಗುಂಡಿಗೆ ಇಳಿಯದೆ ಗೋಡೆಗೆ ಒರಗಿ ಕೂತು "ಕಾಲ ಕೂಡಿ ಬರಲಿ" ಅನ್ನುವುದು ಬೇರೆ ಮಾತು.

ಕರೆ ಬಂದೇ ಇರುತ್ತದೆ, ಕೇಳಿಸದಂತೆ ಮಾಡಿಕೊಂಡಿರುತ್ತಾರೆ ಎಂಬುದಕ್ಕೆ ಅಂಗಡಿಯವರ ಪೈಕಿಯೇ ಒಬ್ಬರು ಸಾಕ್ಷಿ. ಒಡವೆಯ ಮೇಲೆ ಸಾಲ ಕೊಡುತ್ತಿದ್ದ ಶ್ರೀನಿವಾಸ ನಾಯಕರ ಅಂಗಡಿಗೆ ಬಡ ಬ್ರಾಹ್ಮಣನ ವೇಷದಲ್ಲಿ ಭಗವಂತನೇ ಬಂದು ಮಗನ ಮುಂಜಿಗೆ ಹಣ ಬೇಡಿದ. "ನಾಳೆ ಬಾ" ಎಂದರು. ನಾಳೆ ಬಂದ. ಮತ್ತೆ "ನಾಳೆ ಬಾ". ಹೀಗೆ ಆರು ತಿಂಗಳು. ಕಡೆಗೆ ಅವರ ಹೆಂಡತಿ ಸರಸ್ವತಿಬಾಯಿ ಮೂಗುತಿ ಬಿಚ್ಚಿ ಕೊಟ್ಟದ್ದು, ಆ ಮೂಗುತಿಯೇ ಅಂಗಡಿಗೆ ಅಡವಿಗೆ ಬಂದದ್ದು, ನಾಯಕರ ಕಣ್ಣು ತೆರೆದದ್ದು ಎಲ್ಲರಿಗೂ ತಿಳಿದಿದೆ. ಅವರೇ ಪುರಂದರದಾಸರು. ಅಂಗಡಿಯ ಗಲ್ಲೆಯ ಮೇಲೆ ಕೂತವರಿಗೆ ಈ ಕಥೆ ಉಳಿದವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಬೆಳಿಗ್ಗೆ ಬೋಣಿಯಾಗಿಲ್ಲ, ಚಿಲ್ಲರೆ ಇಲ್ಲ, ಮಾಲಕರು ಊರಲ್ಲಿಲ್ಲ ಎಂಬ ಮಾತುಗಳು ಬಾಯಲ್ಲಿ ಸಿದ್ಧವಾಗಿಯೇ ಇರುತ್ತವೆ. ಇಲ್ಲಿ ಕಾದವರು ನಾಯಕರಲ್ಲ, ಭಗವಂತ. ಅವನ ವೇಳೆ ಎಂದರೆ ಅವಸರವಿಲ್ಲದ ವೇಳೆ. ಆರು ತಿಂಗಳು ಅಂಗಡಿಯ ಕಟ್ಟೆ ಹತ್ತಿ ಇಳಿದರೂ ಅವನಿಗೆ ಬೇಸರವಾಗಲಿಲ್ಲ.

ಅಷ್ಟೇಕೆ, ರಾಯರೂ ಮೊದಲ ಸಲ ಒಪ್ಪಲಿಲ್ಲ. ವೆಂಕಟನಾಥರಾಗಿ ಕಡುಬಡತನದಲ್ಲಿದ್ದಾಗ ಗುರುಗಳಾದ ಸುಧೀಂದ್ರ ತೀರ್ಥರು ಸನ್ಯಾಸ ತೆಗೆದುಕೋ ಎಂದರೆ, ಹೆಂಡತಿ ಎಳೆಯವಳು, ಮಗ ಚಿಕ್ಕವನು ಎಂದು ಹಿಂಜರಿದರು. ಪೀಠ ಅವರಿಗಾಗಿ ಕಾಯಿತು. 1621ರಲ್ಲಿ ತಂಜಾವೂರಿನಲ್ಲಿ ಸನ್ಯಾಸವಾಯಿತು. ಸಂಸಾರದ ಕಾರಣ ಹೇಳುವವರನ್ನು ಹೀಯಾಳಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಓದು ಬಾರದ್ದೇ ಅಡ್ಡಿ ಎನ್ನುವವರಿಗೆ ಮಾನವಿಯ ಶ್ರೀನಿವಾಸಾಚಾರ್ಯರದು ಉಲ್ಟಾ ಉದಾಹರಣೆ. ಅವರಿಗೆ ಓದೇ ಅಡ್ಡಿಯಾಗಿತ್ತು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ತಾತ್ಸಾರ. ವಿಜಯದಾಸರು ಪ್ರಸಾದಕ್ಕೆ ಕರೆ ಕಳಿಸಿದರೆ ಹೊಟ್ಟೆನೋವೆಂದು ನೆಪ ಹೇಳಿದರು. ನೆಪ ನಿಜವಾಯಿತು. ಎಲ್ಲೂ ವಾಸಿಯಾಗದ ನೋವು ಹೊತ್ತು ಮಂತ್ರಾಲಯಕ್ಕೆ ಬಂದು, ಅಲ್ಲಿಂದ ಮತ್ತೆ ವಿಜಯದಾಸರ ಬಳಿಗೇ ಹೋಗಿ, ಅವರ ಅಪ್ಪಣೆಯಂತೆ ಶಿಷ್ಯ ಗೋಪಾಲದಾಸರ ಮುಂದೆ ತಲೆಬಾಗಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರೆಂದು ಪ್ರತೀತಿ. ಔಷಧವಾಗಿ ಕೊಟ್ಟದ್ದು ಜೋಳದ ರೊಟ್ಟಿ! ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ರಚಿಸಿದರು.

ಆ ವಿಜಯದಾಸರಾದರೂ ಯಾರು? ಚೀಕಲಪರವಿಯ ಬಡವರ ಮಗ ದಾಸಪ್ಪ, ಹುಟ್ಟಿದ್ದು 1682ರಲ್ಲಿ. ಸಂಸಾರಸ್ಥನಾದ ಮೇಲೂ ಹೊಟ್ಟೆಗೆ ನೆಲೆಯಿಲ್ಲದೆ ಊರೂರು ಅಲೆದವರು. ಕಾಶಿಯಲ್ಲಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ಅಂಕಿತ ಕೊಟ್ಟ ಮೇಲೆ ಬಾಯಿ ತೆರೆಯಿತು. ಸುಳಾದಿ ದಾಸಪ್ಪ ಎಂದೇ ಹೆಸರಾದರು. 1755ರಲ್ಲಿ ದೇಹವಿಟ್ಟದ್ದು ಆಲೂರಿನ ಕಡೆಯ ಚಿಪ್ಪಗಿರಿಯಲ್ಲಿ. ಅವರ ಕಟ್ಟೆಗೆ ಬೆಂಗಳೂರಿನಿಂದ ಭಕ್ತರು ಹುಡುಕಿಕೊಂಡು ಬರುತ್ತಾರೆ. ಇಲ್ಲಿಯವರಲ್ಲಿ ನೋಡದವರೇ ಹೆಚ್ಚು.

ಇವೆಲ್ಲ ಹಳೆಯ ಕಾಲದ ಮಾತು, ಈಗೆಲ್ಲಿ ಎನ್ನುವವರಿಗೆ ದೂರದ ಉತ್ತರ ಬೇಡ. 1938ರಲ್ಲಿ ಈ ಊರು ಇನ್ನೂ ಬಳ್ಳಾರಿ ಜಿಲ್ಲೆಯ ಆದೋನಿ ತಾಲೂಕಿನಲ್ಲಿತ್ತು. ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಗಿರಣಿ ಬಟ್ಟೆಯ ಮುಂದೆ ಕೈಮಗ್ಗದ ಬಟ್ಟೆ ಕೇಳುವವರಿಲ್ಲದೆ, ಸಾಲದ ನೂಲಿನಲ್ಲಿ ನೇಕಾರ ಸಿಕ್ಕಿಬಿದ್ದಿದ್ದ ದಿನಗಳವು. ಆ ವರ್ಷ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿಯನ್ನು ಮೊದಲ ಸಲ ಕೊಟ್ಟಾಗ ಆ ಪಟ್ಟಿಯಲ್ಲಿ ಅವರ ಹೆಸರಿತ್ತು. ಅವರು ಗಡ್ಡ ಬಿಟ್ಟು ಬೆಟ್ಟಕ್ಕೆ ಹೋಗಲಿಲ್ಲ, ನೂಲು ಮತ್ತು ಲೆಕ್ಕದ ಪುಸ್ತಕ ಹಿಡಿದರು. ಇದು ಸಹಕಾರದ ಕೆಲಸ, ದೇವರ ಕೆಲಸವಲ್ಲ ಎಂದು ವಾದ ಮಾಡುವವರಿದ್ದಾರೆ. ನೇಯುವವನ ಮನೆಯಲ್ಲಿ ಒಲೆ ಹೊತ್ತಿದರೆ ನೀಲಕಂಠನಿಗೆ ನೈವೇದ್ಯ ಮುಟ್ಟಿದಂತೆಯೇ.

ಆದ್ದರಿಂದ ಸಮಿತಿಯವರಿಗೂ ಒಂದು ವಿನಂತಿ ಇದೆ. ಜಾತ್ರೆಗೆಂದು ಗುಂಟೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಒಂದು ತಾಸು ತೇರಿನ ಹಗ್ಗ ಹಿಡಿದು, ಮರುದಿನ ಮತ್ತೆ ಬಸ್ಸು ಹತ್ತುವ ಹುಡುಗನಿಗೆ "ವರ್ಷವೆಲ್ಲ ಎಲ್ಲಿದ್ದೆ" ಎಂದು ಕೇಳಬಾರದು. ಆ ಒಂದು ತಾಸಿಗಾಗಿ ಅವನು ಎಷ್ಟು ದಿನದ ಕೂಲಿ ಬಿಟ್ಟು ಬಂದಿರುತ್ತಾನೋ. ಎಪ್ಪತ್ತರ ಅಜ್ಜಿ ದಾಸೋಹದ ಪಾಕಶಾಲೆಗೆ ಬಂದರೆ "ಕೂತುಕೋ ಯವ್ವ, ನಿನ್ನ ಕೈಲಾಗದು" ಎಂದು ಕಳಿಸಬಾರದು; ಬೆಳ್ಳುಳ್ಳಿ ಬಿಡಿಸಲು, ಎಲೆ ಒರೆಸಲು ವಯಸ್ಸು ಅಡ್ಡಬರುವುದಿಲ್ಲ. ಚಪ್ಪಲಿ ಕಾಯುವ ಸೇವೆಗೆ ಹೆಸರು ಕೊಟ್ಟವರನ್ನು ಕಡೆಯ ಸಾಲಿನಲ್ಲಿ ಬರೆಯುವ ರೂಢಿಯೂ ನಿಲ್ಲಬೇಕು.

ತೇರಿನ ಹಗ್ಗವನ್ನು ನಾಳೆ ಬೆಳಿಗ್ಗೆ ಬಿಚ್ಚಿ, ಹರವಿ, ಸವೆದ ಎಳೆ ನೋಡುವ ಕೆಲಸವಿದೆ. ಅದಕ್ಕೆ ಮಂತ್ರ ಬೇಕಿಲ್ಲ. ಬರುವವರು ಪೂಜೆಯಾದ ಮೇಲೆ ಗುಡಿಯ ಕಛೇರಿಯಲ್ಲಿ ಹೆಸರು ಬರೆಸಬಹುದು.

ಓಂ ನಮಃ ಶಿವಾಯ.