ಆಸ್ಪತ್ರೆಯ ಬಾಗಿಲಲ್ಲಿ ಜನರ ಕಾವಲು
(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಗುಮಾಸ್ತನು “ಎಲ್ಲ ಸರಿಯಾಗಿದೆ ಸ್ವಾಮಿ” ಎಂದ ಮಾತ್ರಕ್ಕೆ ಯಾವ ಅಂಗಡಿಕಾರನೂ ಖಾತೆ ಪುಸ್ತಕವನ್ನು ಮುಚ್ಚಿಡುವುದಿಲ್ಲ. ಮಗ್ಗದ ಸದ್ದು ಬದಲಾದರೆ ಗಿರಣಿಯ ಕೆಲಸಗಾರನು ಮೇಸ್ತ್ರಿಯ ವರದಿಗಾಗಿ ಕಾಯುವುದಿಲ್ಲ. ಆದರೆ ಆಸ್ಪತ್ರೆಯ ವಿಷಯ ಬಂದಾಗ ಮಾತ್ರ ಜನಪ್ರತಿನಿಧಿಗಳು ವರದಿಯನ್ನೇ ನಂಬಿ ಕೂರುವುದುಂಟು. ಅದರ ಫಲವೇನೆಂಬುದನ್ನು ಇಂಗ್ಲೆಂಡಿನ ಒಂದು ಊರಿನ ಕಥೆಯಿಂದ ತಿಳಿಯೋಣ.

ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ, ೧೯೪೮ನೇ ಜುಲೈ ೫ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ವೈದ್ಯನ ಬಳಿಗೆ ಹೋದ ರೋಗಿಯನ್ನು ಹಣ ಕೇಳಕೂಡದೆಂಬುದೇ ಅದರ ತತ್ತ್ವ. ಆದರೆ ಮುದುಕರಿಗೂ ಅಂಗವಿಕಲರಿಗೂ ಊಟ ಮಾಡಿಸುವ, ಸ್ನಾನ ಮಾಡಿಸುವ ಆರೈಕೆ ಈ ಸೇವೆಯ ಹೊರಗೇ ಉಳಿಯಿತು. ಅದು ಸ್ಥಳೀಯ ಕೌನ್ಸಿಲುಗಳ ಪಾಲಿಗೆ ಬಂತು. ಇಂದಿಗೂ ಇಂಗ್ಲೆಂಡಿನಲ್ಲಿ ೨೩,೨೫೦ ಪೌಂಡಿಗಿಂತ ಹೆಚ್ಚು ಆಸ್ತಿಯಿದ್ದವನು ಸಾಮಾನ್ಯವಾಗಿ ಆ ಆರೈಕೆಯ ವೆಚ್ಚವನ್ನು ತಾನೇ ತೆರಬೇಕು. ಒಂದೇ ಮುದುಕಿ, ಕಾಯಿಲೆಗೆ ಒಂದು ಕಚೇರಿ, ಆರೈಕೆಗೆ ಇನ್ನೊಂದು! ನಡುವೆ ಆಕೆ ಬೀಳದಂತೆ ನೋಡುವವರು ಯಾರು?

ಈ ಕಾವಲಿನ ಕೆಲಸವನ್ನು ೨೦೦೧ರ ಕಾನೂನು ಕೌನ್ಸಿಲಿನ ಪರಿಶೀಲನಾ ಸಮಿತಿಗೆ ಕೊಟ್ಟಿತು. ಆಡಳಿತ ನಡೆಸುವ ಸದಸ್ಯರು ಈ ಸಮಿತಿಯಲ್ಲಿ ಕೂರುವಂತಿಲ್ಲ. ಆಸ್ಪತ್ರೆಯ ಅಧಿಕಾರಿಗಳನ್ನು ಕರೆಸಬಹುದು, ಮಾಹಿತಿ ಕೇಳಬಹುದು. ಸಮಿತಿಯ ಶಿಫಾರಸಿಗೆ ಉತ್ತರ ಕೇಳಿದರೆ ಅವರು ೨೮ ದಿನಗಳೊಳಗೆ ಬರಹದಲ್ಲಿ ಕೊಡಬೇಕು. ಆಜ್ಞೆ ಮಾಡುವ ಅಧಿಕಾರವಿಲ್ಲ. ಪ್ರಶ್ನೆ ಕೇಳುವ ಅಧಿಕಾರವುಂಟು.

ಇಷ್ಟಿದ್ದೂ ಸ್ಟಾಫರ್ಡ್ ಊರಿನಲ್ಲಿ ಏನಾಯಿತು? ೨೦೦೫ರಿಂದ ೨೦೦೯ರವರೆಗೆ ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳು ನೀರಿಗಾಗಿ ಕೂಗಿದರು, ಮಲಿನವಾದ ಹಾಸಿಗೆಯಲ್ಲೇ ಬಿದ್ದಿದ್ದರು. ಆಡಳಿತಕ್ಕೆ ಉಳಿತಾಯವೇ ದೊಡ್ಡದಾಗಿತ್ತು, ದಾದಿಯರು ಸಾಲದಾದರು. ಕಾಗದದ ಮೇಲೆ ಮಾತ್ರ ಎಲ್ಲ ಚೆನ್ನಾಗಿತ್ತು. ೨೦೦೮ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಗೆ ಸ್ವಾಯತ್ತ ಸಂಸ್ಥೆಯೆಂಬ ಗೌರವವೂ ದೊರೆಯಿತು!

ಸತ್ಯವನ್ನು ಹೊರಗೆ ತಂದವರು ಯಾರು? ಸಮಿತಿಯಲ್ಲ. ಜೂಲಿ ಬೈಲಿ ಎಂಬ, ಕಾಫಿ ಅಂಗಡಿ ನಡೆಸುತ್ತಿದ್ದ ಹೆಂಗಸು. ೨೦೦೭ರಲ್ಲಿ ತಾಯಿಯನ್ನು ಆ ಆಸ್ಪತ್ರೆಯಲ್ಲಿ ಕಳೆದುಕೊಂಡ ಆಕೆ, ತನ್ನಂತೆಯೇ ನೊಂದವರನ್ನು ಅಂಗಡಿಯಲ್ಲೇ ಸೇರಿಸಿ ಹೋರಾಟ ಹೂಡಿದಳು. ರಾಬರ್ಟ್ ಫ್ರಾನ್ಸಿಸ್ ನಡೆಸಿದ ವಿಚಾರಣೆಯ ವರದಿ ೨೦೧೩ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ೨೯೦ ಶಿಫಾರಸುಗಳು. ಕೌಂಟಿಯ ಹಾಗೂ ಊರಿನ ಪರಿಶೀಲನಾ ಸಮಿತಿಗಳು ತಮ್ಮ ಕೆಲಸದಲ್ಲಿ ವಿಫಲವಾದವೆಂದು ಆ ವರದಿ ಸಾರಿತು. ಊರಿನ ಕೆಲವರ ದ್ವೇಷಕ್ಕೆ ಗುರಿಯಾಗಿ ಅದೇ ವರ್ಷ ಆಕೆ ಊರನ್ನೇ ಬಿಡಬೇಕಾಯಿತು. ಕಾವಲುಗಾರ ಮಲಗಿದರೆ ಎಚ್ಚರಿಸಿದವಳಿಗೆ ಶಿಕ್ಷೆ!

ಮಿತ್ರರೇ, ಅಧಿಕಾರವೊಂದಿದ್ದರೆ ಸಾಲದು. ಅದನ್ನು ನಡೆಸುವ ಯೋಜನೆ ಬೇಕು. ಅಧಿಕಾರಿಗಳು ಇಟ್ಟ ವಿಷಯಪಟ್ಟಿಗೆ ತಲೆಯಾಡಿಸುವ ಸಮಿತಿ ಸಮಿತಿಯಲ್ಲ. ವರ್ಷದ ಮೊದಲಲ್ಲೇ ತನ್ನ ಕೆಲಸದ ಪಟ್ಟಿಯನ್ನು ತಾನೇ ಮಾಡಬೇಕು. ಇಪ್ಪತ್ತು ವಿಷಯಗಳನ್ನು ಮುಟ್ಟಿ ಬಿಡುವುದಕ್ಕಿಂತ ನಾಲ್ಕನ್ನು ಬುಡದವರೆಗೆ ಅಗೆಯುವುದು ಮೇಲು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮುದುಕನಿಗೆ ಮರುದಿನ ಯಾರು ಗಂಜಿ ಕುಡಿಸಿದರು? ದೂರುಗಳು ಯಾವ ವಾರ್ಡಿನಿಂದ ಬಂದವು? ಇಂಥವೇ ವಿಷಯಗಳು. ಅಧಿಕಾರಿಯನ್ನು ಕೇಳುವ ಮೊದಲು ರೋಗಿಯನ್ನು, ಆತನ ಹೆಂಡತಿಯನ್ನು, ದಾದಿಯನ್ನು ಕೇಳಬೇಕು. ಆರು ತಿಂಗಳ ಮೇಲೆ, “ಮಾಡುತ್ತೇವೆ ಎಂದದ್ದನ್ನು ಮಾಡಿದಿರಾ?” ಎಂದು ಮತ್ತೆ ಕರೆಸಬೇಕು.

ದೊಡ್ಡ ಬದಲಾವಣೆಗಳ ಬಗ್ಗೆ ಮಂತ್ರಿಗೆ ವಿಧ್ಯುಕ್ತವಾಗಿ ದೂರು ಒಪ್ಪಿಸುವ ಅಧಿಕಾರ ಈ ಸಮಿತಿಗಳಿಗಿತ್ತು. ೨೦೨೪ರ ಜನವರಿ ಕೊನೆಗೆ ಅದು ಹೋಯಿತು. ಈಗ ಮಧ್ಯೆ ಬನ್ನಿರೆಂದು ಯಾರು ಬೇಕಾದರೂ ಮಂತ್ರಿಯನ್ನು ಕೋರಬಹುದು. ಬರುವುದು ಬಿಡುವುದು ಮಂತ್ರಿಯ ಇಷ್ಟ. ಹಲ್ಲು ಕಡಿಮೆಯಾದಷ್ಟೂ ಕಣ್ಣು ಚುರುಕಾಗಬೇಕು.

ಜನರ ಹಣದಿಂದ ನಡೆಯುವ ಆಸ್ಪತ್ರೆ ಜನರಿಗೆ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೇಳುವುದು ದ್ವೇಷವಲ್ಲ. ಅದೇ ನಿಜವಾದ ಅಭಿಮಾನ. ಕಾಫಿ ಅಂಗಡಿಯ ಒಬ್ಬ ಹೆಂಗಸು ಕೇಳಿದ ಪ್ರಶ್ನೆಯನ್ನು ಸಮಿತಿ ಮೂರು ವರ್ಷ ಮೊದಲೇ ಕೇಳಿದ್ದರೆ, ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಯೋಚಿಸಿ ನೋಡಿ.