ಹೆಣ್ಣು ಮಗುವಿನ ಆಟದ ಹೊತ್ತು

ಮಕ್ಕಳ ಆಟವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ಇದು ಬಹು ಸುಲಭವಾದ ಕೆಲಸವೆಂದೇ ಭಾವಿಸಿದೆವು. ಆಡದೆ ಬೆಳೆದವರು ಯಾರು? ಆಟವನ್ನು ನೋಡದ ತಾಯಿ ಯಾರು? ಆದರೆ ಬರೆಯಲು ಕುಳಿತಾಗ ನಮ್ಮ ಕಿವಿಗೆ ಮೊದಲು ಬಿದ್ದುದು ಮಕ್ಕಳ ಕೇಕೆಯಲ್ಲ; ಆ ಕೇಕೆಯ ನಡುವೆ ಮನೆಯ ಬಾಗಿಲಿನಿಂದ ಬರುವ ಒಂದು ಕೂಗು. “ಸಾಕು ಬಾರವ್ವಾ, ಕೂಸನ್ನ ಎತ್ಕೊ!” ಕೂಡ್ಲಿಗಿಯಾಗಲಿ ಕೊಟ್ಟೂರಾಗಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಾಗಲಿ, ಸಂಜೆಯ ಹೊತ್ತು ಓಣಿಯಲ್ಲಿ ನಿಂತರೆ ಈ ಕೂಗು ಕೇಳಿಸುವುದು. ಕೂಗುವವಳು ತಾಯಿ, ಎದ್ದು ಬರುವವಳು ಮಗಳು. ಅವಳ ಅಣ್ಣತಮ್ಮಂದಿರ ಚಿಣ್ಣಿಕೋಲು ಮಾತ್ರ ಬೆಳಕು ಇರುವವರೆಗೂ ನಿಲ್ಲುವುದಿಲ್ಲ.

ನಮ್ಮ ಈ ಸೀಮೆಯಲ್ಲಿ ಆಟಕ್ಕೆ ಬಡತನವಿಲ್ಲ. ಮಳೆಗೆ ಬಡತನವಿದ್ದೀತು, ಆಟಕ್ಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಕೆರೆಯ ಅಂಗಳದ ಮಣ್ಣು ಮನೆಮನೆಯ ಜಗುಲಿಯ ಮೇಲೆ ಎತ್ತಾಗಿ ನಿಲ್ಲುವುದು. ಹೊಲವನ್ನು ಟ್ರಾಕ್ಟರು ಉಳುತ್ತಿರುವ ಮನೆಯಲ್ಲಿಯೂ ಪೂಜೆ ಎತ್ತಿಗೇ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಅದೇ ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ ಕೂರಿಸಿ, ಹಾಡಿ, ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗಿ ಉಣ್ಣುವ ಪದ್ಧತಿ ಇಲ್ಲಿಂದ ಉತ್ತರದ ಜಿಲ್ಲೆಗಳವರೆಗೂ ಹಬ್ಬಿದೆ. ಶ್ರಾವಣದ ಪಂಚಮಿಗೆ ಜೋಕಾಲಿ. ಹುಡುಗರಿಗೆ ದಾರ ಪೋಣಿಸಿ ಗಿರ್ರೆಂದು ತಿರುಗಿಸುವ ಕೊಬ್ಬರಿ ಬಟ್ಟಲು. ಮಳೆಯ ದಿನಗಳಲ್ಲಿ ಪಡಸಾಲೆಯ ಬಂಡೆಯ ಮೇಲೆಯೇ ಗೀಚಿದ ಚೌಕಾಬಾರ, ಹುಣಸೆಬೀಜ, ಗಜ್ಜುಗ. ಇವುಗಳಿಗೆಲ್ಲ ಕಾಸು ಬೇಕಿಲ್ಲ. ಬೇಕಾದುದು ಹೊತ್ತು ಒಂದೇ. ಆ ಹೊತ್ತನ್ನೇ ನಾವು ಹೆಣ್ಣು ಮಗುವಿನ ಕೈಯಿಂದ ಮೆಲ್ಲಮೆಲ್ಲನೆ ಕಿತ್ತುಕೊಳ್ಳುತ್ತೇವೆ.

ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯನ್ನು ನೆನೆಯಿರಿ. ಅಚ್ಚಿನಲ್ಲಿ ಎರೆದ ಬಿಳಿಯ ಸಕ್ಕರೆಯ ಆನೆ, ಒಂಟೆ, ತೇರು, ಕಳಸಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ದೀಪ ಹಚ್ಚಿ ಎಳೆಯ ಹುಡುಗಿಯರು ಸಾಲಾಗಿ ಗೌರಿಗೆ ಬೆಳಗಲು ಹೋಗುವುದು ನೋಡುವ ಕಣ್ಣಿಗೆ ಹಬ್ಬ. ಅವರ ಗಮನವೆಲ್ಲ ಯಾವ ಗೊಂಬೆಯನ್ನು ಮೊದಲು ತಿನ್ನಬೇಕೆಂಬುದರಲ್ಲಿ. ಆದರೆ ಒಂದು ವರ್ಷ ಅದೇ ಸಕ್ಕರೆಯ ಗೊಂಬೆಗಳು ಮನೆಯಿಂದಲ್ಲದೆ ಬೀಗರ ಕಡೆಯಿಂದ ಸೀರೆ ಕುಪ್ಪಸಗಳೊಡನೆ ಬರುವುವು. ನಿಶ್ಚಯವಾದ ಹೆಣ್ಣಿಗೆ ಗಂಡಿನ ಮನೆಯವರು ಸಕ್ಕರೆ ಆರತಿ ತರುವುದು ಇಲ್ಲಿಯ ವಾಡಿಕೆ. ಗೊಂಬೆ ಅದೇ, ಸಿಹಿ ಅದೇ. ಆಟ ಮಾತ್ರ ಮುಗಿಯಿತು. ಹುಡುಗಿಯ ವಯಸ್ಸು ಹದಿನೆಂಟು ತುಂಬಿದ್ದರೆ ಸಂತೋಷವೇ. 1929ರ ಶಾರದಾ ಕಾಯಿದೆಯು ಹೆಣ್ಣಿಗೆ ಹದಿನಾಲ್ಕು ವರ್ಷವೆಂದು ಗೊತ್ತುಮಾಡಿತು. 1978ರಲ್ಲಿ ಅದು ಹದಿನೆಂಟಾಯಿತು. 2006ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದಿತು. ಆದರೂ ಶಾಲೆಯ ಹಾಜರಿ ಪುಸ್ತಕದಿಂದ ಒಂದು ಹೆಸರು ಸದ್ದಿಲ್ಲದೆ ಜಾರಿಹೋಗುವುದು ನಿಂತಿಲ್ಲವೆಂಬುದನ್ನು ಉಪಾಧ್ಯಾಯರಾದ ನಾವೆಲ್ಲರೂ ಬಲ್ಲೆವು.

ಹರಪನಹಳ್ಳಿಯ ಹೆಸರು ಬಂದಾಗ ಭೀಮವ್ವನವರನ್ನು ನೆನೆಯದಿರಲಾಗದು. 1823ರಲ್ಲಿ ಹುಟ್ಟಿ 1903ರವರೆಗೆ ಬಾಳಿದ ಈ ತಾಯಿ ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಸಂಸಾರದ ಭಾರವನ್ನು ಹೊತ್ತವರು. ಭೀಮೇಶಕೃಷ್ಣನೆಂಬ ಅಂಕಿತದಲ್ಲಿ ಅವರು ಕಟ್ಟಿದ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ ಸಾಗಿಬಂದವು. ಅವುಗಳಲ್ಲಿ ನಮಗೆ ಅಚ್ಚುಮೆಚ್ಚಾದುದು ಮುಯ್ಯದ ಹಾಡು. ಅಲ್ಲಿ ಕೃಷ್ಣನ ರಾಣಿಯರೂ ಪಾಂಡವರ ಮನೆಯ ಹೆಂಗಸರೂ ಮಾತಿಗೆ ಮಾತು ಕೊಟ್ಟು ಒಬ್ಬರನ್ನೊಬ್ಬರು ಕೆಣಕಿ ಸೋಲಿಸುತ್ತಾರೆ. ಭಕ್ತಿ ಅದರಲ್ಲಿ ಇದ್ದೇ ಇದೆ. ಆದರೆ ಓದಿದಾಗಲೆಲ್ಲ ನಮಗೆ ತೋರುವುದು, ಬೇಗನೆ ಅಂಗಳದಿಂದ ಎದ್ದುಬಂದ ಒಬ್ಬ ಹುಡುಗಿ ತನ್ನ ಪಾಲಿನ ಆಟವನ್ನು ಹಾಡಿನೊಳಗೆ ಆಡಿ ಮುಗಿಸಿದಳೆಂದು. ಪಂಡಿತರು ಇದನ್ನು ಒಪ್ಪಲಾರರೇನೋ! ಒಪ್ಪದಿದ್ದರೂ ಚಿಂತೆಯಿಲ್ಲ.

ಇಷ್ಟೆಲ್ಲ ಹೇಳುವ ನಾವು ಮಾಡಿದ್ದೇನು? ಕಾಲೇಜಿನಲ್ಲಿ ಸ್ತ್ರೀಸ್ವಾತಂತ್ರ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗಂಟೆ ಪಾಠ ಹೇಳಿ ಮನೆಗೆ ಬಂದ ದಿನವೊಂದು ನೆನಪಾಗುತ್ತದೆ. ಹಿತ್ತಲಿನಲ್ಲಿ ನಮ್ಮ ಮಗಳೂ ಮಗನೂ ಪಕ್ಕದ ಮನೆಯ ಹುಡುಗಿಯೂ ಅಡುಗೆಯಾಟ ಆಡುತ್ತಿದ್ದರು. ಮಗಳು ತಾಯಿ; ಮಗನು ಯಜಮಾನನಂತೆ ಕಾಲು ಚಾಚಿ ಕುಳಿತಿದ್ದನು; ಚಿಂದಿಬಟ್ಟೆಯ ಗೊಂಬೆಯೊಂದು ಅವರ ಮಗಳು. ನಮ್ಮವಳು ಗೊಂಬೆಯ ರಟ್ಟೆ ಹಿಡಿದು, “ಎಷ್ಟು ಸಲ ಕರೀಬೇಕು ನಿನ್ನ? ಆಡಿದ್ದು ಸಾಕು ಏಳು, ಅಣ್ಣಗೆ ನೀರು ಕೊಡು” ಎಂದು ಗದರಿದಳು. ಮಾತು ನಮ್ಮದು, ದನಿಯೂ ನಮ್ಮದು, ಕೊನೆಯಲ್ಲಿ ಬಿಟ್ಟ ನಿಟ್ಟುಸಿರು ಸಹ ನಮ್ಮದೇ. ಬಾಗಿಲ ಮರೆಯಲ್ಲಿ ನಿಂತ ನಮಗೆ ಮುಂದೆ ಹೆಜ್ಜೆಯಿಡಲಾಗಲಿಲ್ಲ. ಗೊಂಬೆಯಾದರೋ ಮರುಮಾತಾಡದೆ ನೀರು ಕೊಟ್ಟಿತು.

ಜರ್ಮನಿಯ ಫ್ರೋಬೆಲ್ ಎಂಬ ಮಹನೀಯರು 1844ರಲ್ಲಿ ತಾಯಂದಿರಿಗಾಗಿಯೇ ಆಟ ಮತ್ತು ಹಾಡುಗಳ ಪುಸ್ತಕವನ್ನು ಪ್ರಕಟಿಸಿದರು. ಮಕ್ಕಳಿಗೆ ಆಟವೇ ಮೊದಲ ವಿದ್ಯೆಯೆಂಬುದು ಅವರ ಮತ. ವಿದ್ಯೆಯೆಂಬುದು ನಿಜ, ಆದರೆ ಕಲಿಯುವುದು ಏನನ್ನು? ನಮ್ಮ ಹಿತ್ತಲಿನ ಆ ಪಾಠಶಾಲೆಯಲ್ಲಿ ಮಗಳು ಕರೆಯುವುದನ್ನು ಕಲಿತಿದ್ದಳು, ಮಗನು ಕಾಯಿಸಿಕೊಳ್ಳುವುದನ್ನು ಕಲಿತಿದ್ದನು. ಗುರುಗಳು ನಾವೇ. ಮಕ್ಕಳಿಗೆ ಆಡುವ ಹಕ್ಕುಂಟೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆಯು ಸಾರಿತು. 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿತು. ಅಷ್ಟು ದೂರದ ಒಡಂಬಡಿಕೆ ನಮ್ಮ ಹಿತ್ತಲಿಗೆ ಬರಬೇಕಾದರೆ ಅಡುಗೆಮನೆಯನ್ನು ದಾಟಿಯೇ ಬರಬೇಕು.

ಹೀಗೆಂದು ಕೂಗುವ ತಾಯಂದಿರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಮ್ಮಂತೆ ಸಂಬಳ ತರುವವಳು ಮಗಳನ್ನು ಕೂಗುವುದು ಅಭ್ಯಾಸಬಲದಿಂದ. ಕೂಡ್ಲಿಗಿಯ ಕಡೆಯ ಹೊಲದಲ್ಲಿ ಹಗಲೆಲ್ಲ ಕಳೆ ತೆಗೆದು ಬರುವ ತಾಯಿ ಕೂಗುವುದು ಕೈ ಸಾಲದೆ. ಅವಳಿಗೆ ನೀರು ತರಬೇಕು, ರೊಟ್ಟಿ ಬಡಿಯಬೇಕು. ಕಂಕುಳ ಕೂಸನ್ನು ಹಿಡಿಯುವವರು ಯಾರು? ಎಂಟು ವರ್ಷದ ಅಕ್ಕ. ಅಂಥ ಮನೆಗೆ ಉಪದೇಶದಿಂದ ಪ್ರಯೋಜನವಿಲ್ಲ. ಬೇಕಾದುದು ಇನ್ನೊಂದು ಜೊತೆ ಕೈ. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಹಗಲಿನ ಕೆಲವು ಗಂಟೆಗಳ ಮಟ್ಟಿಗೆ ಆ ಕೈಯಾದವು. ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ “ಕೂಸಿನ ಮನೆ”ಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ಪ್ರಕಟಿಸಿತು. ಇದನ್ನು ಎಲ್ಲರೂ ಕೂಸಿನ ಸೌಕರ್ಯವೆಂದೇ ಎಣಿಸುತ್ತಾರೆ. ನಮಗಾದರೋ ಅದು ಕೂಸಿನ ಅಕ್ಕನ ಸೌಕರ್ಯವೆಂದು ತೋರುವುದು.

ನಮ್ಮ ಮನೆಯ ಮಾತನ್ನು ಅರ್ಧಕ್ಕೆ ಬಿಟ್ಟೆವು. ಆ ಸಂಜೆ ಗೊಂಬೆಯ ಆಟ ಮುಗಿದ ಮೇಲೆ ನೀರು ತುಂಬಲು ಮಗನನ್ನು ಕರೆದೆವು. ಅವನು ಮೊದಲು ಕಕ್ಕಾಬಿಕ್ಕಿಯಾದನು; ಬಳಿಕ ಅರ್ಧ ಕೊಡವನ್ನು ಪಡಸಾಲೆಯ ತುಂಬ ಚೆಲ್ಲಿದನು. ನಮ್ಮ ಅತ್ತೆಯವರು, “ಗಂಡುಹುಡುಗನ ಕೈಲಿ ಇದೆಂಥಾ ಕೆಲಸವಮ್ಮಾ?” ಎಂದು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಮೊಮ್ಮಗನಿಗೆ ಕೊಡವನ್ನು ಸೊಂಟಕ್ಕೆ ಆನಿಸಿಕೊಳ್ಳುವ ಬಗೆಯನ್ನು ತೋರಿಸಿಕೊಡುತ್ತಿದ್ದರು. ಮಗಳು ಮಾತ್ರ ಬಹಳ ದಿನ ನಂಬಲಿಲ್ಲ. ಕುಂಟಾಟದ ನಡುವೆ ಒಂಟಿ ಕಾಲಿನಲ್ಲಿ ನಿಂತು ನಿಂತು, ಈಗ ಕರೆದಾರೋ ಆಗ ಕರೆದಾರೋ ಎಂದು ಬಾಗಿಲ ಕಡೆಗೆ ತಿರುಗಿ ನೋಡುತ್ತಿದ್ದಳು. ನಾವು ಒಲೆಯ ಮುಂದೆ ಕುಳಿತು, ಬಾಯಿಗೆ ಬಂದ ಕೂಗನ್ನು ನುಂಗಿಕೊಂಡು, ದೀಪ ಹಚ್ಚುವ ಹೊತ್ತಿನವರೆಗೆ ರೊಟ್ಟಿ ತಟ್ಟುತ್ತಿದ್ದೆವು.